ಬೆಂಗಳೂರು ಹತ್ತಿರದವರು

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಬಂದು ಕೂತ ಅಜ್ಜ, ಕಂಡಕ್ಟರು ಬರುವುದರೊಳಗೆ ಮೂರು ಪ್ರಶ್ನೆ ಕೇಳಿ ಮುಗಿಸಿರುತ್ತಾನೆ. ಯಾವೂರು? ಯಾರ ಮಗ? ಯಾರ ಪೈಕಿ? ಮೂರಕ್ಕೂ ಉತ್ತರ ಸಿಕ್ಕಿತೋ, ಮುಂದಿನ ಸ್ಟಾಪಿನ ಹೊತ್ತಿಗೆ ನಿಮ್ಮ ಸೋದರಮಾವ ಎಲ್ಲೆಲ್ಲಿ ಸಾಲ ಮಾಡಿದ್ದಾನೆ ಎಂಬುದನ್ನು ಅವನೇ ನಿಮಗೆ ಹೇಳುತ್ತಾನೆ.

ನಾನು ಓದಿದವನು, ಇಂಥದ್ದೆಲ್ಲ ನನಗೆ ಸೇರದು. ಎಲ್ಲಿಗೆ ಹೊರಟೆ ಅಂದರೆ "ಇಲ್ಲೇ". ಎಲ್ಲಿಂದ ಬಂದೆ ಅಂದರೂ "ಇಲ್ಲೇ". ಖಾಸಗಿತನ ಅಂತ ಒಂದಿದೆಯಲ್ಲ. ಅದು ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದ್ದಾರೆ. ಆ ಮೊಕದ್ದಮೆ ಹೂಡಿದವರೂ ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅಷ್ಟು ದೊಡ್ಡವರು ಕಷ್ಟಪಟ್ಟು ಗಳಿಸಿಕೊಟ್ಟ ಹಕ್ಕನ್ನು ಬಸ್ಸಿನ ಅಜ್ಜನ ಮುಂದೆ ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಮುಖ ಆಚೆ ತಿರುಗಿಸಿ ಮೊಬೈಲು ತೆಗೆಯುತ್ತೇನೆ.

ಮೊಬೈಲಿನಲ್ಲಿ 'ರೂಕ್‌ರಾಜ' ಇರುತ್ತಾನೆ. ಆನ್‌ಲೈನ್ ಚೆಸ್ಸಿನಲ್ಲಿ ಸಿಕ್ಕ ಗೆಳೆಯ. ನಮ್ಮ ಆರು ಜನರ ಒಂದು ವಾಟ್ಸಾಪ್ ಗುಂಪಿದೆ. ನಾಲ್ಕು ವರ್ಷದ ಸ್ನೇಹ, ಸಂಭಾಷಣೆಯೆಲ್ಲ ಇಂಗ್ಲಿಷಿನಲ್ಲಿ. ರೂಕ್‌ರಾಜ "ಏನು ಬ್ರೋ, ಎಲ್ಲಿದೀಯ?" ಅಂತ ಕೇಳಿದರೆ ಸಾಕು, ಬಸ್ಸು ಯಾವುದು, ಕಿಟಕಿ ಪಕ್ಕದ ಸೀಟು ಸಿಕ್ಕಿತೋ ಇಲ್ಲವೋ, ಮನೆಗೆ ಬೀಗ ಹಾಕಿ ಎಷ್ಟು ದಿನಕ್ಕೆ ಹೊರಟಿದ್ದೇನೆ, ಎಲ್ಲ ಒಂದೇ ಉಸಿರಿಗೆ ಒಪ್ಪಿಸುತ್ತೇನೆ. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ಹೋದ ಕೆಲಸ ಕೆಡುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಕೇಳದೆಯೇ ಹೇಳಿಕೊಂಡರೆ ಏನಾಗುತ್ತದೆ ಎಂಬ ಬಗ್ಗೆ ಅವಳ ಬಳಿ ಮಾಹಿತಿ ಇರಲಿಲ್ಲ.

ಊರಿನ ಹೆಸರನ್ನು ಮಾತ್ರ ಹೇಳಿರಲಿಲ್ಲ. ಅದಕ್ಕೊಂದು ಕ್ರಮವಿದೆ. ತಿಪಟೂರಿನಲ್ಲಿ ಕೇಳಿದರೆ ಹಳ್ಳಿಯ ಹೆಸರು. ತುಮಕೂರಿನಲ್ಲಿ ಕೇಳಿದರೆ ತಿಪಟೂರು. ಬೆಂಗಳೂರಿನಲ್ಲಿ ಕೇಳಿದರೆ ತುಮಕೂರು. ಅದರಾಚೆ ಯಾರು ಕೇಳಿದರೂ 'ಬೆಂಗಳೂರು ಹತ್ತಿರ'. ಹತ್ತಿರ ಅಂದರೆ ಸುಮಾರು 140 ಕಿಲೋಮೀಟರು. ಯುರೋಪಿನಲ್ಲಿ ಅಷ್ಟು ದೂರ ಹೋದರೆ ದೇಶವೇ ಬದಲಾಗಿಬಿಡಬಹುದು. ನಮಗೆ ಅದು 'ಹತ್ತಿರ'. ನನ್ನೊಬ್ಬನ ಸುಳ್ಳೂ ಅಲ್ಲ ಇದು. ಹೊರಗಿನವರ ಜತೆ ಮಾತಾಡುವಾಗ ಕರ್ನಾಟಕದಲ್ಲಿ ಬೆಂಗಳೂರು ಹತ್ತಿರವಿಲ್ಲದ ಊರೇ ಇಲ್ಲ. ಬೀದರ್ ಕೂಡ ಬೆಂಗಳೂರು ಹತ್ತಿರವೇ, ರೈಲು ಸ್ವಲ್ಪ ನಿಧಾನ ಅಷ್ಟೆ.

ಹೆಸರು ಹೇಳಿದರೆ ಹಿಂದೆಯೇ ಬರುವ ಪ್ರಶ್ನೆಯದೇ ಭಯ: "ಅಲ್ಲಿ ಏನು ಫೇಮಸ್ಸು?" ಏನೋ ಒಂದಕ್ಕೆ ಫೇಮಸ್ಸಾಗದ ಊರಲ್ಲಿ ಹುಟ್ಟುವುದು ಈಗ ಒಂದು ಅಂಗವೈಕಲ್ಯ. ಚನ್ನಪಟ್ಟಣದವನಿಗೆ ಗೊಂಬೆಯಿದೆ, ದಾವಣಗೆರೆಯವನಿಗೆ ಬೆಣ್ಣೆ ದೋಸೆ, ಬ್ಯಾಡಗಿಯವನಿಗೆ ಮೆಣಸಿನಕಾಯಿ. ನಮಗೂ ಕೊಬ್ಬರಿಯಿದೆ, ದೇಶಕ್ಕೆಲ್ಲ ಹೋಗುವ ಕೊಬ್ಬರಿ. ಆದರೆ ಕೊಬ್ಬರಿಯನ್ನು ರೀಲ್ಸ್ ಮಾಡಲು ಬರುವುದಿಲ್ಲ. ಯಾಕೆಂದರೆ ಅದು ಆಗುವ ಬಗೆ ಹೀಗಿದೆ: ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಬೇಕು. ಆಮೇಲೆ ಹತ್ತು ಹನ್ನೊಂದು ತಿಂಗಳು ಏನೂ ಆಗುವುದಿಲ್ಲ. ಒಳಗೆ ನೀರು ಇಂಗುತ್ತದೆ, ತಿರುಳು ಚಿಪ್ಪು ಬಿಡುತ್ತದೆ, ಹೊರಗಿನವರಿಗೆ ಏನೂ ಕಾಣುವುದಿಲ್ಲ. ಒಂದು ದಿನ ಕಾಯಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಸದ್ದು ಬರುತ್ತದೆ. ಆಗ ಸುಲಿದು, ಚಿಪ್ಪು ಒಡೆದು, ಇಡೀ ಉಂಡೆ ಹೊರತೆಗೆಯುವುದು. ಮೂವತ್ತು ಸೆಕೆಂಡಿನ ವೀಡಿಯೊದಲ್ಲಿ ಇಪ್ಪತ್ತೊಂಬತ್ತೂವರೆ ಸೆಕೆಂಡು ಕತ್ತಲ ಅಟ್ಟ ತೋರಿಸಿದರೆ ಲೈಕು ಒತ್ತುವವರು ಯಾರು?

ಹಾಗಾಗಿ ಗೆಳೆಯರಿಗೆ ನಾನು ಬೇರೊಂದು ಊರು ಕಟ್ಟಿಕೊಟ್ಟಿದ್ದೆ. ಆ ಊರಿನಲ್ಲಿ ದಿನವೂ ಸೂರ್ಯ ತೆಂಗಿನ ಗರಿಗಳ ನಡುವೆಯೇ ಮುಳುಗುತ್ತಾನೆ. ಮಳೆ ಬಂದರೆ ಮಣ್ಣಿನ ವಾಸನೆ ಬರುತ್ತದೆಯೇ ಹೊರತು ಕೆಸರಾಗುವುದಿಲ್ಲ. ಬೆಳಗಾದರೆ ದೋಸೆ. ಅಸಲಿಗೆ ವಾರದಲ್ಲಿ ಐದು ದಿನ ನಮ್ಮ ಮನೆಯಲ್ಲಿ ಉಪ್ಪಿಟ್ಟು. ಹಾಸ್ಟೆಲಿನಲ್ಲಿ ಅದನ್ನು ಕಾಂಕ್ರೀಟು ಅನ್ನುತ್ತಿದ್ದೆವು, ಮನೆಯಲ್ಲಿ ಹಾಗನ್ನುವ ಧೈರ್ಯವಿಲ್ಲ. ನಾಲ್ಕು ವರ್ಷದಲ್ಲಿ ಒಂದೇ ಒಂದು ಸಲವೂ ಗುಂಪಿನಲ್ಲಿ ಉಪ್ಪಿಟ್ಟಿನ ಫೋಟೊ ಬಿದ್ದಿಲ್ಲ. ಕನ್ನಡ ನಾಡನ್ನು ಸಾಕಿದ ತಿಂಡಿಗೆ ಅಂತರ್ಜಾಲದಲ್ಲಿ ಒಂದು ಸೀಟೂ ಇಲ್ಲ.

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಕಟ್ಟಿತ್ತು, ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಕುಸಿದು ಕೂತಿತ್ತು. ತಿಪಟೂರಿನಲ್ಲಿ ರೈತರು ಬೀದಿಗಿಳಿದಿದ್ದರು. ನಮ್ಮಪ್ಪ ರಾತ್ರಿ ಊಟ ಬಿಟ್ಟು ಅಟ್ಟ ನೋಡುತ್ತ ಕೂತಿರುತ್ತಿದ್ದರು. ಆ ವಾರ ನಾನು ಗುಂಪಿಗೆ ಹಾಕಿದ್ದು ಸೂರ್ಯಾಸ್ತ, ಕೆಳಗೆ 'ಪೀಸ್‌ಫುಲ್ ಈವ್ನಿಂಗ್' ಎಂಬ ಒಕ್ಕಣೆ.

ಇಲ್ಲದ ಊರು ಕಟ್ಟುವುದು ತಪ್ಪೇನಲ್ಲ, ಆರ್.ಕೆ. ನಾರಾಯಣರೂ ಮಾಲ್ಗುಡಿ ಕಟ್ಟಿದ್ದರು. ಶಂಕರನಾಗ್ ಅದನ್ನು ಧಾರಾವಾಹಿ ಮಾಡಿ ಆಗುಂಬೆಯಲ್ಲಿ ಚಿತ್ರೀಕರಿಸಿದರು; ಧಾರಾವಾಹಿಯಲ್ಲಿ ಬಂದ ಶಿವಮೊಗ್ಗ ಜಿಲ್ಲೆಯ ಅರಸಾಳು ಸ್ಟೇಷನ್ನಿನ ಹಳೆಯ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ. ಅಂದರೆ ಇಲ್ಲದ ಊರಿಗೂ ಜನ ಟಿಕೆಟ್ ತೆಗೆದುಕೊಂಡು ಬಂದೇ ಬರುತ್ತಾರೆ. ಈ ಅಪಾಯವನ್ನು ನಾನು ಲೆಕ್ಕಕ್ಕೆ ಇಟ್ಟಿರಲಿಲ್ಲ.

ಆದದ್ದಿಷ್ಟು. ವಾಟ್ಸಾಪಿನಲ್ಲಿ ಫೋಟೊ ಹಾಗೇ ಕಳಿಸಿದರೆ ಮಬ್ಬಾಗುತ್ತದೆ ಅಂತ ನಾನೊಂದು ಸೂರ್ಯಾಸ್ತವನ್ನು ಡಾಕ್ಯುಮೆಂಟ್ ಮಾಡಿ ಕಳಿಸಿದ್ದೆ. ಫೋಟೊವಾಗಿ ಕಳಿಸಿದರೆ ವಾಟ್ಸಾಪು ಅದರೊಳಗಿನ ಅಕ್ಷಾಂಶ ರೇಖಾಂಶವನ್ನು ಕಿತ್ತುಹಾಕುತ್ತದೆ. ಡಾಕ್ಯುಮೆಂಟಾಗಿ ಕಳಿಸಿದರೆ ಒಳಗಿದ್ದದ್ದೆಲ್ಲ ಇದ್ದ ಹಾಗೇ ಹೋಗುತ್ತದೆ. ನಾಲ್ಕು ವರ್ಷ 'ಬೆಂಗಳೂರು ಹತ್ತಿರ' ಅಂದುಕೊಂಡು ಬಂದವನು, ನಿಂತ ತೆಂಗಿನ ಬುಡದ ಸಮೇತ ಸಿಕ್ಕಿಬಿದ್ದಿದ್ದೆ. ರೂಕ್‌ರಾಜ ಅದನ್ನು ನೋಡಿಕೊಂಡು, ಹೇಗೂ ಈ ಕಡೆ ಬಂದಿದ್ದೇನೆ, ಹೇಳದೆ ಹೋಗಿ ಬೆರಗು ಹುಟ್ಟಿಸೋಣ ಅಂತ ತಿಪಟೂರಿನಲ್ಲಿ ರೈಲಿಳಿದು ಆಟೋ ಹಿಡಿದ. ಮ್ಯಾಪು ಅವನನ್ನು ನಿಷ್ಠೆಯಿಂದ ಒಂದು ತೋಟದ ನಡುವೆ ತಂದು ನಿಲ್ಲಿಸಿತು. ಮನೆಯಿಲ್ಲ, ಮಠವಿಲ್ಲ, ಒಂದು ಎಮ್ಮೆ ಇತ್ತು.

ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಅಂತ ತಂದಿದೆ. ಇಡೀ ದೇಶವನ್ನು ಸುಮಾರು ನಾಲ್ಕು ಮೀಟರಿನ ಚೌಕಗಳಾಗಿ ಹೆಚ್ಚಿ, ಒಂದೊಂದಕ್ಕೂ ಹತ್ತು ಅಕ್ಷರ-ಅಂಕಿಗಳ ಗುರುತು. ನಮ್ಮ ಮನೆಗೊಂದು, ಹಿತ್ತಿಲ ತಿಪ್ಪೆಗೊಂದು. ಆ ಎಮ್ಮೆ ನಿಂತ ಜಾಗಕ್ಕೂ ಇರಬೇಕು. ಆದರೆ ಆ ಜಾಗ ಯಾರದು ಎಂಬುದು ಅದರಲ್ಲಿಲ್ಲ. ಅದಿದ್ದದ್ದು ಡೇರಿ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ ಅಜ್ಜನ ಹತ್ತಿರ.

"ಯಾರ್ ಮನೆಗ್ ಬಂದಪ್ಪ?"

ರೂಕ್‌ರಾಜನಿಗೆ ನನ್ನ ಹೆಸರು ಗೊತ್ತಿರಲಿಲ್ಲ. ನಾನು ಬೆಳಿಗ್ಗೆ ಏನು ತಿನ್ನುತ್ತೇನೆ (ಅಂತ ಹೇಳುತ್ತೇನೆ), ಯಾವ ಸೋಪು ಹಾಕುತ್ತೇನೆ, ಯಾವ ಮಾತಿಗೆ ಬೇಜಾರಾಗುತ್ತೇನೆ, ಎಲ್ಲ ಗೊತ್ತು. ಗುಂಪಿನಲ್ಲಿ ನನ್ನ ಹೆಸರು 'ಸೈಲೆಂಟ್ ಪಾನ್'. ಆ ಹೆಸರಿನವರು ಊರಲ್ಲಿ ಯಾರೂ ಇಲ್ಲ ಅಂದ ಅಜ್ಜ. ಕೊನೆಗೆ ಇವನು ಫೋಟೊ ತೆಗೆದು ತೋರಿಸಿದ. ಅಜ್ಜ ಮೊಬೈಲನ್ನು ಒಂದು ಮಾರು ದೂರ ಹಿಡಿದು ನೋಡಿದ.

"ಓ, ಇದಾ. ಈ ವಾರೆ ಮರ ಐತಲ್ಲ, ಸಿಡ್ಲು ಹೊಡ್ದಿದ್ದು. ತೋಟ ಈ ಹುಡುಗುಂದಲ್ಲ ಕಣಪ್ಪ, ಅವ್ರ ದೊಡ್ಡಪ್ಪುಂದು. ಕೇಸ್ ನಡೀತೈತೆ. ಇವ್ನು ಬೇಲಿ ಹಾರಿ ಹೋಗಿ ಪಟ ತೆಕ್ಕಂಡವ್ನೆ."

ಆಮೇಲೆ ಅಜ್ಜ ಇವನ ಕಡೆ ತಿರುಗಿದ. ಯಾವೂರು? ಪುಣೆ, ಅಂದ. ಗುಂಪಿನಲ್ಲಿ ನಮಗೆಲ್ಲ ಹೇಳಿದ್ದೂ ಅದೇ. ಪುಣೆ ಅಂದ್ರೆ ಪುಣೆಯಲ್ಲೇ ಏನಪ್ಪ, ಅಂದ ಅಜ್ಜ. ಅಲ್ಲ, ಹತ್ತಿರ. ಎಷ್ಟು ಹತ್ತಿರ? ಎರಡನೇ ಬೀಡಿ ಮುಗಿಯುವಷ್ಟರಲ್ಲಿ, ನಾಲ್ಕು ವರ್ಷದ ಸ್ನೇಹದಲ್ಲಿ ಒಮ್ಮೆಯೂ ನಮ್ಮ ಕಿವಿಗೆ ಬೀಳದ ದನಿಯಲ್ಲಿ ರೂಕ್‌ರಾಜ ಹೇಳಿದನಂತೆ: "ಅಕ್ಕಲಕೋಟ ರೀ ಅಜ್ಜಾರ, ಸೊಲ್ಲಾಪುರ ಕಡೆ. ಮನ್ಯಾಗ ಕನ್ನಡಾನ ಮಾತಾಡ್ತೀವಿ."

ಅಜ್ಜ ಅವನನ್ನು ನಮ್ಮ ಬಾಗಿಲಿಗೆ ತಂದು ಬಿಟ್ಟಾಗ ನಾನು ಬನಿಯನ್ನಿನಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದೆ. ದಾರಿಯುದ್ದಕ್ಕೂ ಮಾತಾಡಿಕೊಂಡು ಬಂದಿದ್ದರು. ಕೇಸು ಎಷ್ಟು ವರ್ಷದ್ದು, ನನಗೆ ತಪ್ಪಿಹೋದ ಸಂಬಂಧ ಯಾವ ಊರಿನದು, ಯಾಕೆ ತಪ್ಪಿತು, ಗೆಳೆಯನಿಗೆ ಈಗ ಎಲ್ಲ ಗೊತ್ತಿತ್ತು. "ನಿಮ್ ನೆಂಟ್ರು ಕಣಪ್ಪ, ತಗೋ" ಅಂತ ಒಪ್ಪಿಸಿ ಅಜ್ಜ ಹೊರಟುಹೋದ.

ಇಬ್ಬರೂ ಎದುರುಬದುರು ಕೂತೆವು. ಇಂಗ್ಲಿಷಿನಲ್ಲಿ ಶುರುಮಾಡಲು ನಾಚಿಕೆ, ಕನ್ನಡದಲ್ಲಿ ಪರಿಚಯವೇ ಇಲ್ಲ. ಅಮ್ಮ ಒಂದು ಮಾತೂ ಕೇಳದೆ ಅವನ ತಟ್ಟೆಗೂ ಉಪ್ಪಿಟ್ಟು ಬಡಿಸಿದಳು. ಅಪ್ಪ ಅಟ್ಟ ಹತ್ತಿಸಿ, ಒಂದು ಕಾಯಿ ಕೈಗೆ ಕೊಟ್ಟು, ಅಲ್ಲಾಡಿಸು ಅಂದರು. ಇನ್ನೂ ಸದ್ದು ಬರುತ್ತಿರಲಿಲ್ಲ.

ಸಂಜೆ ಅವನು ಹಿತ್ತಿಲಲ್ಲಿ ನಿಂತು, ಕೋಳಿಗೂಡು, ಬಟ್ಟೆ ಹರವಿದ ಹಗ್ಗ, ಒಡೆದ ಸಿಂಟೆಕ್ಸು ಯಾವುದೂ ಬರದ ಹಾಗೆ ಬಗ್ಗಿ, ಪಕ್ಕಕ್ಕೆ ವಾಲಿ, ಗರಿಗಳ ನಡುವಿನ ಸೂರ್ಯನನ್ನು ಹಿಡಿದ. ಕೈ ಪಳಗಿದ್ದು ಕಂಡರೆ ತಿಳಿಯುತ್ತಿತ್ತು. ಡಾಕ್ಯುಮೆಂಟ್ ಮಾಡಲಿಲ್ಲ, ಫೋಟೊವಾಗಿಯೇ ಗುಂಪಿಗೆ ಹಾಕಿದ. ಎರಡೇ ನಿಮಿಷಕ್ಕೆ ಉಳಿದ ನಾಲ್ವರೂ ಕೇಳಿದರು: ವಾವ್ ಬ್ರೋ, ಎಲ್ಲಿದು?

ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. 'ನಿಯರ್ ಬ್ಯಾಂಗಲೋರ್' ಅಂತ ಟೈಪು ಮಾಡಿದ.

ನಾನು ಅದಕ್ಕೊಂದು ಕೆಂಪು ಹೃದಯ ಒತ್ತಿದೆ.