ತೆರವು ಕೆಲಸಕ್ಕೂ ಟೆಂಡರ್ ಕರೆಯಿರಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ಮೂರೂ ಪಟ್ಟಣದ ಜನರನ್ನು ಒಟ್ಟು ಹಾಕಿದರೂ ಬೆಂಗಳೂರಿನ ಒಂದು ವಾರ್ಡು ತುಂಬುವುದಿಲ್ಲ. ಪಟ್ಟಣ ಪಂಚಾಯಿತಿ ಮಾತ್ರ ಮೂರಿವೆ. ಅನಧಿಕೃತ ಕಟ್ಟಡದ ಮಾತು ಎದ್ದರೆ ಸಭೆ ಯಾವ ಊರಿನದೇ ಆಗಲಿ, ಉತ್ತರ ಒಂದೇ: ‘ನೋಟಿಸ್ ಕೊಟ್ಟಿದ್ದೇವೆ.’

ಕಟ್ಟುವ ಮೊದಲು ಅನುಮತಿ ಪಡೆಯಬೇಕೆಂದು 1964ರ ಪುರಸಭೆಗಳ ಕಾಯ್ದೆಯ 187ನೇ ಕಲಂ ಹೇಳುತ್ತದೆ. ಮಲೆನಾಡಿನ ಕ್ರಮ ಬೇರೆ. ಮೊದಲು ಜೆಸಿಬಿ ಬಂದು ಧರೆ ಕಡಿಯುತ್ತದೆ. ಆಮೇಲೆ ಪಿಲ್ಲರ್, ಸ್ಲ್ಯಾಬ್, ಹೋಂಸ್ಟೇ ಬೋರ್ಡು. ಗೃಹಪ್ರವೇಶಕ್ಕೆ ಸದಸ್ಯರೂ ಹೋಗಿ ಉಂಡು, ಎಲೆಅಡಿಕೆ ಹಾಕಿಕೊಂಡು ಬರುತ್ತಾರೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಅದೇ ಕಟ್ಟಡದ ಬಗ್ಗೆ ‘ಕಾವೇರಿದ ಚರ್ಚೆ’ ನಡೆಯುತ್ತದೆ. ನಡವಳಿ ಪುಸ್ತಕದಲ್ಲಿ ‘ಚರ್ಚಿಸಲಾಗಿ, ನಿಯಮಾನುಸಾರ ಕ್ರಮ ವಹಿಸಲು ತೀರ್ಮಾನಿಸಲಾಯಿತು’ ಎಂದು ಬರೆದು ಎಲ್ಲರೂ ಸಹಿ ಹಾಕುತ್ತಾರೆ. ತಳ್ಳುಗಾಡಿಯವನಿಗೆ ಇಷ್ಟೆಲ್ಲ ಗೌರವ ಇಲ್ಲ. ಅವನ ತಕ್ಕಡಿ ಎತ್ತಿಕೊಂಡು ಹೋದರೆ ಮುಗಿಯಿತು.

ಬಿಸಿಲಿಗೆ ಬಳಲಿದ ಗರ್ಭಿಣಿ ಕಪ್ಪೆಗೆ ಹಾವು ಹೆಡೆ ಬಿಚ್ಚಿ ನೆರಳು ಕೊಟ್ಟ ಜಾಗವೇ ಶೃಂಗೇರಿ ಎನ್ನುತ್ತದೆ ಸ್ಥಳಪುರಾಣ. ಆ ಪರಂಪರೆ ಸುತ್ತಲ ತಾಲ್ಲೂಕುಗಳಿಗೂ ಹಬ್ಬಿದೆ. ಪ್ರತಿ ಮೂರನೇ ಅಂತಸ್ತಿನ ಮೇಲೂ ಒಂದು ಹೆಡೆ ಬಿಚ್ಚಿಕೊಂಡಿರುತ್ತದೆ. ಹಾವು, ಕಪ್ಪೆ ಒಂದೇ ಪಕ್ಷದವಾಗಿರಬೇಕು ಎಂದೇನೂ ಇಲ್ಲ.

ಮುಲಾಜಿಲ್ಲದೆ ತೆರವು ಮಾಡುವವಳು ತುಂಗೆ ಒಬ್ಬಳೇ. ಮಳೆಗಾಲದಲ್ಲಿ ಶೃಂಗೇರಿಯ ಹೊಳೆದಂಡೆಯ ಕಪ್ಪೆ ಶಂಕರನ ಗುಡಿ ಮುಳುಗಿತೆಂದರೆ ಗಾಂಧಿ ಮೈದಾನದ ಅಂಗಡಿಯವರು ಗಂಟುಮೂಟೆ ಕಟ್ಟಬೇಕು. ಅವಳ ಮೇಲೆ ಯಾವ ಕೋರ್ಟಿನಿಂದಲೂ ತಡೆಯಾಜ್ಞೆ ಸಿಗುವುದಿಲ್ಲ. ಆದರೆ ಅವಳ ಕೈಗೂ ತಗ್ಗಿನಲ್ಲಿದ್ದ ಬಡಪಾಯಿಗಳೇ ಮೊದಲು ಸಿಗುತ್ತಾರೆ. ಅಷ್ಟರಮಟ್ಟಿಗೆ ಅವಳದೂ ಪಂಚಾಯಿತಿ ಬುದ್ಧಿಯೇ.

ಇನ್ನು ಎನ್.ಆರ್. ಪುರ. 1915ರಲ್ಲಿ ಮೈಸೂರಿನ ಯುವರಾಜರು ಬಂದು ಹೋದರು, ಎಡೆಹಳ್ಳಿ ನರಸಿಂಹರಾಜಪುರವಾಯಿತು. ಬೇಲಿ, ಬಾವಿ, ಕೆಸರು ಎಲ್ಲ ಹಾಗೇ ಇದ್ದಿರಬೇಕು. ಹೆಸರು ಮಾತ್ರ ರಾಜಠೀವಿಯದು. ಸರ್ಕಾರಕ್ಕೆ ಈ ಉಪಾಯ ನೆನಪಿದ್ದಂತಿದೆ. ಅನಧಿಕೃತ ಕಟ್ಟಡಗಳ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರ ಫೆಬ್ರುವರಿಯಲ್ಲಿ ಅನಧಿಕೃತ ಬಡಾವಣೆಗಳಿಗೆ ‘ಬಿ ಖಾತಾ’ ಅಭಿಯಾನ ಬಂತು. ಮೊದಲ ಸಲ ದುಪ್ಪಟ್ಟು ತೆರಿಗೆ, ಆಮೇಲೆ ಎಲ್ಲರ ಹಾಗೆ. ಮೊದಲ ವರ್ಷ ಪಾಪ, ಎರಡನೇ ವರ್ಷದಿಂದ ಸಂಸಾರ. ಅನುಮತಿಗಾಗಿ ಅಲೆದಲೆದು ಚಪ್ಪಲಿ ಸವೆಸಿ, ನಕ್ಷೆ ಪಾಸು ಮಾಡಿಸಿಕೊಂಡು ಕಟ್ಟಿದವನು ಈಗ ಹೆಂಡತಿಯ ಮುಖ ನೋಡಲು ಹೆದರುತ್ತಾನೆ.

‘ಸಿಬ್ಬಂದಿ ಇಲ್ಲ ಸ್ವಾಮಿ’ ಎನ್ನುತ್ತಾರೆ ಅಧಿಕಾರಿಗಳು. ಸುಳ್ಳಲ್ಲ. ಕಸದ ಗಾಡಿಯ ಚಾಲಕ ಹೊರಗುತ್ತಿಗೆ, ವಾಲ್ವ್ ತಿರುಗಿಸುವ ನೀರುಗಂಟಿ ಹೊರಗುತ್ತಿಗೆ, ಖಾತೆ ಟೈಪು ಮಾಡುವ ಹುಡುಗಿ ಹೊರಗುತ್ತಿಗೆ. ಇವರ ಸಂಬಳ ಏಜೆನ್ಸಿಯ ಮನೆ ಬಾಗಿಲಲ್ಲಿ ಸ್ವಲ್ಪ ವಿಶ್ರಾಂತಿ ಪಡೆದು, ಪಿಎಫ್ ಹೆಸರಿನಲ್ಲಿ ತೂಕ ಇಳಿಸಿಕೊಂಡು ಬರುತ್ತದೆ. ನೇರ ಪಾವತಿ ಕೊಡಿ ಎಂದು 2025ರ ಮೇ ಕೊನೆಯಲ್ಲಿ ರಾಜ್ಯದ ಪೌರ ನೌಕರರು ಮುಷ್ಕರಕ್ಕೆ ಕೂತರು. ಪೊರಕೆ ನಿಂತರೆ ನಾಲ್ಕೇ ದಿನದಲ್ಲಿ ಊರಿಗೆಲ್ಲ ಮೂಗು ಬರುತ್ತದೆ. ಪಂಚಾಯಿತಿ ಸಭೆ ನಾಲ್ಕು ತಿಂಗಳು ನಡೆಯದಿದ್ದರೂ ಯಾರಿಗೂ ವಾಸನೆ ಹತ್ತುವುದಿಲ್ಲ.

ಇಷ್ಟೆಲ್ಲ ಹೊರಗೆ ಕೊಟ್ಟವರು ಕಟ್ಟಡ ತೆರವನ್ನು ಮಾತ್ರ ಏಕೆ ಮಡಿಯಲ್ಲಿ ಇಟ್ಟುಕೊಂಡಿದ್ದಾರೆ? ಅದಕ್ಕೂ ಟೆಂಡರ್ ಕರೆಯಬಹುದಲ್ಲ? ಕರೆಯುವುದಿಲ್ಲ. ಮೂರು ತಿಂಗಳ ಸಂಬಳ ಕಾಣದವನ ಕೈಗೆ ಹಾರೆ ಕೊಟ್ಟರೆ ಅವನು ಯಾವ ಕಟ್ಟಡದಿಂದ ಶುರು ಮಾಡುತ್ತಾನೆ ಎಂಬುದು ಸಭಾಂಗಣದಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು.