ಸೋದರಮಾವ ಮೀಮಾಂಸೆ: ಯುದ್ಧನೌಕೆಗಳ ಕೌಟುಂಬಿಕ ಮೂಲ ಕುರಿತು

ಮೊದಲನೆ ಮಹಾಯುದ್ಧದ ಕಾರಣಗಳನ್ನು ವಿವರಿಸುವ ಪುಸ್ತಕಗಳನ್ನೆಲ್ಲ ಹೇರಿದರೆ ಒಂದು ಸಾಧಾರಣ ಹಡಗು ಮುಳುಗೀತು. ಆದರೂ ಸತ್ಯ ಹೊರಬಿದ್ದಿಲ್ಲ. ಇಂಗ್ಲಿಷ್ ವಿದ್ವಾಂಸರಿಗೆ ಸೋದರಮಾವನೂ ಅಂಕಲ್, ಚಿಕ್ಕಪ್ಪನೂ ಅಂಕಲ್. ಇಂಥ ಬಡ ಪದಕೋಶ ಇಟ್ಟುಕೊಂಡು ಜರ್ಮನಿಯ ಕೈಸರ್ ಎರಡನೆ ವಿಲ್ಹೆಲ್ಮನ ವಿದೇಶಾಂಗ ನೀತಿಗೆ ಕೈಹಾಕುವುದು ಕೇವಲ ಉದ್ಧಟತನ. ಈ ಶಾಸ್ತ್ರ ಕನ್ನಡದಲ್ಲೇ ಹುಟ್ಟಬೇಕಿತ್ತು, ಹುಟ್ಟಿದೆ.

ಮೊದಲಿಗೆ ವಂಶಾವಳಿ. 1859ರಲ್ಲಿ ಹುಟ್ಟಿದ ವಿಲ್ಹೆಲ್ಮ್, ವಿಕ್ಟೋರಿಯಾ ರಾಣಿಯ ಹಿರಿಮಗಳ ಮಗ, ಅವಳ ಮೊದಲ ಮೊಮ್ಮಗ. ಅಂದಮೇಲೆ ಇಂಗ್ಲೆಂಡ್ ಅವನಿಗೆ ಅಜ್ಜಿಮನೆ. ಏಳನೆ ಎಡ್ವರ್ಡ್ ಸಾಕ್ಷಾತ್ ಸೋದರಮಾವ. ಐದನೆ ಜಾರ್ಜ್ ಮಾವನ ಮಗ, ಭಾವಮೈದುನ. ರಷ್ಯಾದ ಝಾರ್ ನಿಕೊಲಸ್ ಕೈಹಿಡಿದದ್ದು ಇವನ ಚಿಕ್ಕಮ್ಮನ ಮಗಳನ್ನು. ತಂಗಿಯ ಗಂಡ, ಅವನೂ ಭಾವಮೈದುನ. ಇಷ್ಟು ಗೊತ್ತಿದ್ದರೆ ನಮ್ಮ ಯಾವ ಊರಿನ ಅಜ್ಜಿಯಾದರೂ 1914ರ ಗತಿಯನ್ನು ಜಗಲಿಯಲ್ಲೇ ಕೂತು ಹೇಳಿಬಿಡುತ್ತಿದ್ದಳು.

ಹೆರಿಗೆ ಕಷ್ಟವಾಗಿ ಮಗುವಿನ ಎಡಗೈ ಊನವಾಯಿತು. ತಾಯಿಗೆ ಅದೊಂದು ಕೊರಗು. ಬರ್ಲಿನ್ನಿಗೆ ಸೊಸೆಯಾಗಿ ಬಂದವಳಿಗೆ ಬಾಯಿ ತೆರೆದರೆ ತವರಿನ ಹೊಗಳಿಕೆ ಬೇರೆ. ತವರಿನ ಜಂಬ ಕೇಳಿಕೇಳಿ ಬೆಳೆದ ಮಗ ಒಂದೋ ಅದನ್ನು ಪೂಜಿಸುತ್ತಾನೆ, ಇಲ್ಲವೇ ಅದಕ್ಕೆ ಸೆಡ್ಡು ಹೊಡೆಯುತ್ತಾನೆ. ನಮ್ಮ ಕಥಾನಾಯಕ ಎರಡನ್ನೂ ಒಟ್ಟಿಗೆ ಮಾಡಿದ.

1889ರಲ್ಲಿ ಅಜ್ಜಿ ಅವನಿಗೆ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಗೌರವ ಕೊಟ್ಟಳು. ರಜೆಗೆ ಬಂದ ಮೊಮ್ಮಗನಿಗೆ ಹೊಸ ಅಂಗಿ ಹೊಲಿಸಿದ ಹಾಗೆ. ಮೊಮ್ಮಗನಿಗೆ ಆಗ ಮೂವತ್ತು. ಅಂಗಿಯನ್ನು ನಿಜವೆಂದೇ ನಂಬಿ ಬ್ರಿಟಿಷ್ ಪಡೆಗೇ ಸಲಹೆ ಕೊಡತೊಡಗಿದ. ಕೌಸ್‌ನ ದೋಣಿ ಪಂದ್ಯಕ್ಕೂ ಬಂದು ಮಾವನ ‘ಬ್ರಿಟಾನಿಯಾ’ವನ್ನು ಸೋಲಿಸಲೆಂದು, ಅದನ್ನು ವಿನ್ಯಾಸ ಮಾಡಿದವನ ಕೈಯಲ್ಲೇ ಇನ್ನೂ ದೊಡ್ಡ ‘ಮೀಟಿಯೊರ್’ ಮಾಡಿಸಿದ. ಮಾವ ಬೇಸತ್ತು ತನ್ನ ದೋಣಿಯನ್ನೇ ಮಾರಿದ. ಅಲ್ಲಿಗೇ ನಿಂತಿದ್ದರೆ ಐರೋಪ್ಯ ಖಜಾನೆಗಳಿಗೆ ಎಷ್ಟು ಉಳಿತಾಯ! ಆದರೆ 1898ರಲ್ಲೊಂದು ನೌಕಾ ಕಾಯ್ದೆ; 1900ರದ್ದರಲ್ಲಿ ಗುರಿ 38 ಯುದ್ಧನೌಕೆ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ನೌಕಾ ಮಂತ್ರಿ ಟಿರ್ಪಿಟ್ಸ್‌ನ ಯೋಜನೆ, ಉಕ್ಕಿನ ಉದ್ಯಮ, ವಸಾಹತುಗಳ ಹಸಿವು, ಹಣ ಮಂಜೂರು ಮಾಡಿದ ಸಂಸತ್ತು... ಇವೆಲ್ಲ ಇದ್ದವು, ಇಲ್ಲವೆನ್ನುವಷ್ಟು ಮೂರ್ಖ ಲೇಖಕ ನಾನಲ್ಲ. ಆದರೆ ಸಾಕ್ಷಿ ನೋಡಿ. 1904ರ ಜೂನ್, ಕೀಲ್ ಬಂದರು. ಮಾವ ಅತಿಥಿ. ಎರಡು ತಿಂಗಳ ಹಿಂದಷ್ಟೇ ಬ್ರಿಟನ್ನು ಫ್ರಾನ್ಸಿನೊಂದಿಗೆ ಒಪ್ಪಂದ ಮಾಡಿಕೊಂಡಿದೆ. ಔತಣದಲ್ಲಿ ಎದ್ದ ಕೈಸರ್ ತಾನೇ ಬಾಯಿಬಿಟ್ಟ: ಚಿಕ್ಕಂದಿನಲ್ಲಿ ಚಿಕ್ಕಮ್ಮಂದಿರ ಕೈಹಿಡಿದು ಪೋರ್ಟ್ಸ್‌ಮತ್, ಪ್ಲಿಮತ್‌ಗಳಲ್ಲಿ ಹಡಗು ನೋಡಿದೆ, ನನಗೂ ಅಂಥದ್ದು ಬೇಕೆನಿಸಿತು. ಚಾನ್ಸೆಲರ್ ಬ್ಯೂಲೋಗೆ ಎದೆ ಧಸಕ್ಕೆಂದಿತು. ಪತ್ರಿಕೆಗಳಿಗೆ ಭಾಷಣ ತಿದ್ದಿ ಕಳಿಸಿದ. ಹೀಗೆಲ್ಲ ಹೇಳಿದರೆ ಸಂಸತ್ತು ದುಡ್ಡು ಕೊಡುವುದಿಲ್ಲ ಎಂಬುದು ಅವನ ಆತಂಕ. ಜಾತ್ರೆಯಲ್ಲಿ ಆಟಿಕೆಗೆ ಹಟ ಹಿಡಿದ ಮಗುವಿನ ಬೇಡಿಕೆಗೆ ‘ರಾಷ್ಟ್ರೀಯ ಹಿತಾಸಕ್ತಿ’ ಎಂದು ಹೆಸರಿಡುವುದೇ ಮಂತ್ರಿಯ ಉದ್ಯೋಗ. ಈ ಕೆಲಸಕ್ಕೆ ಸಂಬಳವೂ ಉಂಟು.

ಮರುವರ್ಷ ಫಿನ್‌ಲೆಂಡ್ ತೀರದ ಬ್ಯೋರ್ಕೊದಲ್ಲಿ ಹಡಗಿನ ಮೇಲೆ ಭಾವಮೈದುನ ನಿಕೊಲಸ್‌ನಿಂದ ಒಂದು ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ. ಎರಡೂ ಕಡೆಯ ಮಂತ್ರಿಗಳು ಸೇರಿ ಅದನ್ನು ಮಣ್ಣುಗೂಡಿಸಿದರು.

1914ರ ಜುಲೈ ಕೊನೆಗೆ, ಇತ್ತ ಸೇನೆಗಳು ಕದಲುತ್ತಿರುವಾಗ, ಭಾವಮೈದುನರ ನಡುವೆ ತಂತಿಗಳು ಹರಿದವು. ಸಹಿ: ‘ವಿಲ್ಲಿ’, ‘ನಿಕಿ’. ಜರ್ಮನ್ ಚಕ್ರವರ್ತಿಯೂ ರಷ್ಯನ್ ಚಕ್ರವರ್ತಿಯೂ ಜಗಳ ತಪ್ಪಿಸಲು ಬಳಸಿದ ಭಾಷೆ ಇಂಗ್ಲಿಷ್, ಅಜ್ಜಿಮನೆಯ ಮಾತು. ಯಾವ ವಿದ್ವಾಂಸನೂ ಇದಕ್ಕೆ ಸರಿಯಾದ ಅಡಿಟಿಪ್ಪಣಿ ಬರೆದಿಲ್ಲ.

ಕೊನೆಯ ಪುರಾವೆ. 1918ರ ನವೆಂಬರ್ 11. ಕಿರೀಟ ಹೋಗಿ, ನೌಕಾಪಡೆ ದಂಗೆಯೆದ್ದು, ಕೈಸರ್ ಹಾಲೆಂಡಿನ ಆಮೆರೊಂಗೆನ್ ಎಂಬಲ್ಲಿ ಒಬ್ಬ ಕೌಂಟ್‌ನ ಕೋಟೆಮನೆಗೆ ಬಂದಿಳಿದ. ಒಳಗೆ ಕಾಲಿಟ್ಟವನು ಕೈ ಉಜ್ಜಿಕೊಂಡು ಮೊದಲು ಕೇಳಿದ್ದು ಒಂದು ಲೋಟ ಬಿಸಿ ಚಹಾ ಅಂತೆ. ಒಳ್ಳೆಯ, ಅಸಲಿ ಇಂಗ್ಲಿಷ್ ಚಹಾ.