ಗಾಳಿಯನ್ನೊಲ್ಲದ ಮಹಾಶಯರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಸುತ್ತಣ ಕಸದ ಗುಡ್ಡಗಳ ಗರ್ಭದಲ್ಲಿ ಸುಖಾಸೀನರಾಗಿರುವ ಮೀಥೇನ್‌ಜನಕ ಸೂಕ್ಷ್ಮಜೀವಿ ಮಹಾಶಯರ ಸನ್ನಿಧಿಗೆ, ಆ ನಗರದ ಪೌರನೊಬ್ಬನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ, ಭೂಮಂಡಲದ ಗಾಳಿಯಲ್ಲಿ ಆಮ್ಲಜನಕವೆಂಬುದು ಹೆಸರಿಗೂ ಇಲ್ಲದಿದ್ದ ಕಾಲದಲ್ಲಿ, ತಮ್ಮ ಕುಲದವರು ಈ ಲೋಕದಲ್ಲಿ ನಿರಾತಂಕವಾಗಿ ಬಾಳಿದ್ದರೆಂದು ವಿಜ್ಞಾನಿಗಳು ಹೇಳುವರು. ಬಳಿಕ ಆ ಅನಿಲವು ಎಲ್ಲೆಡೆ ವ್ಯಾಪಿಸಲಾಗಿ, ಅದರ ಸೋಂಕೇ ವಿಷವಾದ ತಾವು ಜೌಗು ನೆಲದ ಕೆಸರಿನಲ್ಲಿಯೂ ನೀರು ನಿಂತ ಗದ್ದೆಯಲ್ಲಿಯೂ ಹಸುವಿನ ಹೊಟ್ಟೆಯಲ್ಲಿಯೂ ತಲೆಮರೆಸಿಕೊಂಡು ಕಾಲ ನೂಕಬೇಕಾಯಿತು. ಪಾಂಡವರ ಅಜ್ಞಾತವಾಸವಾದರೋ ಒಂದು ವರ್ಷಕ್ಕೆ ಮುಗಿಯಿತು. ತಮ್ಮದನ್ನು ಕೊನೆಗಾಣಿಸುವುದಕ್ಕೆ ನಮ್ಮಂಥ ನಾಗರಿಕರೇ ಹುಟ್ಟಿಬರಬೇಕಾಯಿತು. 1776ರಲ್ಲಿ ಅಲೆಸ್ಸಾಂಡ್ರೊ ವೋಲ್ಟಾ ಎಂಬ ಪಂಡಿತನು ಇಟಲಿಯ ಮಾಜೋರೆ ಸರೋವರದ ಕೆಸರನ್ನು ಕಲಕಿ, ಮೇಲೆದ್ದ ಗುಳ್ಳೆಗಳನ್ನು ಪಾತ್ರೆಯಲ್ಲಿ ಹಿಡಿದು, ಉರಿಸಿ ನೋಡಿದನಷ್ಟೆ. ತಮ್ಮ ಪ್ರಸಾದಕ್ಕಾಗಿ ಅಷ್ಟು ದೂರ ಹೋಗಿ ಅಷ್ಟು ಶ್ರಮಪಡುವ ಅವಶ್ಯಕತೆ ಈಗ ಯಾರಿಗೂ ಇಲ್ಲ.

ತಮ್ಮ ಪುನರ್ವಸತಿಗಾಗಿ ನಾವು ಪ್ರತಿದಿನವೂ ನಡೆಸುತ್ತಿರುವ ಸೇವೆಯನ್ನು ನಿವೇದಿಸಿಕೊಳ್ಳಲು ಅಪ್ಪಣೆಯಾಗಬೇಕು. ಮುಂಜಾನೆ ನಮ್ಮ ಬಾಗಿಲ ಮುಂದೆ ಕರಿಯ ಪ್ಲಾಸ್ಟಿಕ್ ಚೀಲವೊಂದು ಸಿದ್ಧವಾಗಿರುತ್ತದೆ: ತಳದಲ್ಲಿ ನಿನ್ನೆಯ ಸಾರಿನ ಗಷ್ಟು, ಅದರ ಮೇಲೆ ಹುಳಿ ಹೆಚ್ಚಾದ ದೋಸೆಹಿಟ್ಟು, ದೇವರ ಪಟದಿಂದಿಳಿಸಿದ ಬಾಡಿದ ಸೇವಂತಿಗೆ ಹಾರ, ನಡುವೆ ಮಗುವಿನ ಡಯಾಪರು, ಒಡೆದ ಬಲ್ಬು, ಹಾಲಿನ ಖಾಲಿ ಪ್ಯಾಕೆಟ್ಟು, ಇಷ್ಟೆಲ್ಲದರ ಬಾಯಿಗೆ ಬಿಗಿಯಾಗಿ ಎರಡು ಗಂಟು. ಆಟೋದೊಡನೆ ಬಂದ ಪೌರಕಾರ್ಮಿಕರು ಆ ಗಂಟನ್ನು ಬರಿಗೈಯಲ್ಲಿ ಬಿಚ್ಚಿ, ಹಸಿಕಸ ಒಣಕಸಗಳನ್ನು ಬೇರ್ಪಡಿಸಲು ಹೆಣಗುವಾಗ, ನಾವು ಮೂಗಿಗೆ ಕರವಸ್ತ್ರವನ್ನೊತ್ತಿ ಬಾಗಿಲನ್ನು ಮೆಲ್ಲನೆ ಮುಚ್ಚಿಕೊಳ್ಳುತ್ತೇವೆ. ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲವೆಂಬುದು ನಮ್ಮ ನಗರದ ಸಿದ್ಧಾಂತ.

ಅಲ್ಲಿಂದ ಮುಂದಿನ ಪರಿಚರ್ಯೆಯೂ ಲೋಪವಿಲ್ಲದೆ ಸಾಗುತ್ತದೆ. ಕಾಂಪ್ಯಾಕ್ಟರ್ ಲಾರಿಯು ಬೇರ್ಪಡದೆ ಉಳಿದದ್ದನ್ನೆಲ್ಲ ಹಿಂಡಿ ಹಿಸುಕಿ ಗುಡ್ಡದ ಮೇಲೆ ಸುರಿಯುತ್ತದೆ. ಯಂತ್ರಗಳು ಅದನ್ನು ಒತ್ತಿ ಮಟ್ಟಮಾಡಿ ಮಣ್ಣು ಮುಚ್ಚುತ್ತವೆ. ಒಳಗೆ ಅಳಿದುಳಿದ ಆಮ್ಲಜನಕವನ್ನು ಬೇರೆ ಜೀವಾಣುಗಳು ಉಸಿರಾಡಿ ಮುಗಿಸಿದ ಮೇಲೆ, ಅವುಗಳ ಬೆನ್ನಿಗೇ ಬರುವ ಮತ್ತೊಂದು ಪಂಗಡವು ಅನ್ನವನ್ನೂ ತರಕಾರಿಯ ಸಿಪ್ಪೆಯನ್ನೂ ಆಮ್ಲಗಳಾಗಿ ಕರಗಿಸಿ ಎಲೆಗೆ ಬಡಿಸಲಾಗಿ, ತಾವು ಸಾವಕಾಶವಾಗಿ ಊಟಕ್ಕೆ ಏಳುತ್ತೀರಿ. ಆ ಭೋಜನಾನಂತರ ಹೊರಬೀಳುವ ಅನಿಲದಲ್ಲಿ ಸುಮಾರು ಅರ್ಧದಷ್ಟು ಮೀಥೇನ್, ಉಳಿದುದು ಬಹುತೇಕ ಇಂಗಾಲದ ಡೈಆಕ್ಸೈಡ್. ವಾತಾವರಣದಲ್ಲಿ ಸುಮಾರು 12 ವರ್ಷ ಮಾತ್ರ ಉಳಿಯುವ ಈ ಮೀಥೇನ್, 20 ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸಬಲ್ಲುದು. ಅಲ್ಪಾಯುವಾದರೂ ಇಷ್ಟು ಪ್ರತಾಪಶಾಲಿಯಾದ ಸಂತಾನ ಎಷ್ಟು ಜನರಿಗುಂಟು!

ತಮ್ಮ ನೆಲೆಗೆ ಆಗಾಗ ಕುತ್ತು ಬಂದುದುಂಟು. ಕಸದ ಕಪ್ಪು ರಸವನ್ನೂ ನಾತವನ್ನೂ ತಾಳಲಾರದೆ ಹಳ್ಳಿಗರು ದನಿಯೆತ್ತಲಾಗಿ, ಮಾವಳ್ಳಿಪುರದಲ್ಲಿ 2012ರಲ್ಲಿಯೂ ಮಂಡೂರಿನಲ್ಲಿ 2014ರ ಕೊನೆಗೂ ಸುರಿಯುವುದು ನಿಂತಿತು. ತಾವು ಎದೆಗುಂದಬೇಕಾಗಿಲ್ಲ. ಬೆಳ್ಳಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಕ್ವಾರಿಗಳನ್ನು ಹುಡುಕಿ ತೆಗೆದು, ಒಂದೂರಿನ ಗೋಳನ್ನು ಮತ್ತೊಂದೂರಿಗೆ ಸಾಗಿಸಿ, ಅದಕ್ಕೆ ಪರಿಹಾರವೆಂದು ನಾಮಕರಣ ಮಾಡುವ ಚಾತುರ್ಯ ನಮ್ಮಲ್ಲಿದೆ. ಸುರಿಯುವುದು ನಿಂತ ಗುಡ್ಡದಲ್ಲಿಯೂ ದಶಕಗಳವರೆಗೆ ತಮ್ಮ ಊಟೋಪಚಾರ ನಡೆಯುವುದರಿಂದ, ನಿವೃತ್ತಿವೇತನದ ಚಿಂತೆಯೂ ತಮಗಿಲ್ಲ. ಹಸಿಕಸವನ್ನು ಮನೆಯಲ್ಲಿಯೇ ಬೇರ್ಪಡಿಸತಕ್ಕದ್ದೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದವೆಂಬುದು ನಿಜ. ಆದರೆ ಆ ವಿಧಿಯನ್ನು ಅಚ್ಚುಹಾಕಿದ ಕರಪತ್ರವನ್ನೂ ನಾವು ಅದೇ ಕರಿಯ ಚೀಲಕ್ಕೆ ಹಾಕಿ ಗಂಟು ಬಿಗಿದವರು.

ಆದರೂ ತಮ್ಮ ಹಿತೈಷಿಯಾಗಿ ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆ. ಕೆಲವು ಮನೆಗಳಲ್ಲಿ ತೂತುಳ್ಳ ಕುಂಡಕ್ಕೆ ಹಸಿಕಸವನ್ನು ಹಾಕಿ, ಅದರ ಮೇಲೆ ತರಗೆಲೆ ಹರಡಿ, ಆಗಾಗ ಕೋಲಿನಿಂದ ತಿರುವಿಹಾಕುವ ದ್ರೋಹಚಿಂತನೆ ನಡೆದಿದೆ. ಹೀಗೆ ಗಾಳಿಯಾಡಿ ಕೊಳೆತ ಸಿಪ್ಪೆಯು ಮುಖ್ಯವಾಗಿ, ಗಿಡವು ಮೊನ್ನೆ ಮೊನ್ನೆ ಗಾಳಿಯಿಂದಲೇ ಪಡೆದಿದ್ದ ಇಂಗಾಲವನ್ನು ಗಾಳಿಗೇ ಹಿಂದಿರುಗಿಸಿ, ಉಳಿದುದನ್ನು ಗೊಬ್ಬರವಾಗಿಸಿಬಿಡುತ್ತದೆ. ತಮ್ಮ ಪಾಲಿಗೆ ತುತ್ತೂ ಉಳಿಯದು. ಇನ್ನೂ ಧೂರ್ತರಾದವರು ತಮ್ಮನ್ನು ಗೋಬರ್ ಗ್ಯಾಸಿನ ತೊಟ್ಟಿಯಲ್ಲಿ ಕೂಡಿಹಾಕಿ, ತಮ್ಮ ಮೀಥೇನನ್ನು ಕೊಳವೆಯಲ್ಲಿ ಹಾಯಿಸಿ, ಒಲೆಯಲ್ಲಿ ಉರಿಸಿ, ಅದರ ಪ್ರತಾಪವನ್ನೆಲ್ಲ ಇಂಗಾಲದ ಡೈಆಕ್ಸೈಡು ಮತ್ತು ನೀರಾವಿಯ ಮಟ್ಟಕ್ಕಿಳಿಸಿ, ಅನ್ನ ಬೇಯಿಸಿಕೊಳ್ಳುತ್ತಾರೆ. ಮುಂಬಯಿಯ ಮಾಟುಂಗದ ಕುಷ್ಠರೋಗಾಲಯದಲ್ಲಿ 1897ರಷ್ಟು ಹಿಂದೆಯೇ ತಮ್ಮಿಂದ ದೀಪ ಬೆಳಗಿಸಿಕೊಂಡರಂತೆ! ಕುಲೀನರನ್ನು ಊಳಿಗಕ್ಕೆ ಹಚ್ಚುವ ಈ ಪಿತೂರಿ ಬಹಳ ಹಳೆಯದು.

ಕೊಳೆಯುವುದು ಪ್ರಕೃತಿಧರ್ಮ, ಅದರ ಉಸಿರು ಕಟ್ಟಿಸಿ ತಮಗೆ ಸಿಂಹಾಸನ ಹಾಕಿಕೊಟ್ಟದ್ದು ಮಾತ್ರ ನಮ್ಮ ಪುರುಷಾರ್ಥ. ಈ ಪತ್ರವು ಅಕಸ್ಮಾತ್ತಾಗಿ ನೆರೆಹೊರೆಯ ಮನುಷ್ಯರ ಕೈಸೇರಿ, ಅವರು ನಾಳೆಯಿಂದ ಹಸಿಕಸವನ್ನು ಚೀಲವಿಲ್ಲದೆ ಬೇರೆ ಬುಟ್ಟಿಯಲ್ಲಿ ಕೊಡತೊಡಗಿದರೆ, ಅದು ಗೊಬ್ಬರದ ಗುಂಡಿಗೋ ಗ್ಯಾಸಿನ ತೊಟ್ಟಿಗೋ ತಲಪುವವರೆಗೆ ನಗರಪಾಲಕರ ಬೆನ್ನು ಬಿಡದಿದ್ದರೆ, ಗುಡ್ಡದಲ್ಲಿರುವ ತಮಗೆ ಉಪವಾಸ ತಪ್ಪದು. ಹಾಗಾಗಲೆಂದೇ ಇದನ್ನು ಬಹಿರಂಗವಾಗಿ ಬರೆದಿದ್ದೇನೆ.

ಇಂತು,
ತಮ್ಮ ಅನ್ನದಾತರಲ್ಲೊಬ್ಬ